ಲಯವಾದ್ಯದ ಏಕವಾದನ ಮತ್ತು ಕೇಳುಗ: ಕರ್ನಾಟಕದ ಶ್ರವಣ ಪರಂಪರೆಯ ಒಂದು ಅವಲೋಕನ

ರಾಯಚೂರು ಜಿಲ್ಲೆಯ ಮಲ್ಲಟ, ಮಾನ್ವಿ, ದೇವದುರ್ಗಗಳ ಸೀಮೆಯಲ್ಲಿ ಮೊಹರಂ ಬಂದಿತೆಂಬುದು ಕಣ್ಣಿಗಿಂತ ಮೊದಲು ಕಿವಿಗೆ ತಿಳಿಯುತ್ತದೆ. ಅಲಾಯಿ ಕುಣಿ ತೋಡಿದಂದಿನಿಂದ ದೇವರನ್ನು ಕಳುಹಿಸುವ ದಿನದವರೆಗೆ ಊರಿನಲ್ಲಿ ಹಲಗೆಯ ಬಡಿತ ಕೇಳುತ್ತಲೇ ಇರುತ್ತದೆ. ಕುಣಿಯ ಬೆಂಕಿಯ ಬಳಿ ಹಲಗೆಗೆ ಕಾವು ಕೊಟ್ಟು, ಚರ್ಮ ಬಿಗಿದುಕೊಂಡ ಮೇಲೆ ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದು ಕೈಯಲ್ಲಿ ತೆಳುವಾದ ಕಡ್ಡಿ ಹಿಡಿದು ಬಾರಿಸಲು ತೊಡಗುತ್ತಾರೆ. ರಿವಾಯತ್ ಪದಗಳನ್ನು ಹಾಡುವ ಹೊತ್ತು ಬೇರೆ. ಬರಿಯ ಹಲಗೆಯೇ ನಡೆಯುವ ಹೊತ್ತಿನಲ್ಲಿ ಅಲ್ಲಿ ಹಾಡಿಲ್ಲ, ಸ್ವರವಿಲ್ಲ, ಮಾತಿಲ್ಲ. ಆದರೂ ಕುಣಿಯ ಸುತ್ತ ನೆರೆದವರಲ್ಲಿ ಯಾರೊಬ್ಬರೂ ಈ ವಾದನ ತಮಗೆ ಅರ್ಥವಾಗಲಿಲ್ಲವೆಂದು ಹೇಳುವುದಿಲ್ಲ. ಅದೇ ಜಿಲ್ಲೆಯ ಕೇಂದ್ರದಲ್ಲಿ, ಪಂಡಿತ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ಹೊತ್ತ ರಂಗಮಂದಿರದಂಥ ಸ್ಥಳದಲ್ಲಿ, ತಬಲಾ ಏಕವಾದನ ಏರ್ಪಟ್ಟಾಗ ಪರಿಸ್ಥಿತಿ ಬೇರೆಯಾಗುತ್ತದೆ. ಅಲ್ಲಿ ಕೇಳುಗರು ಬೇಗನೆ ಇಬ್ಭಾಗವಾಗುತ್ತಾರೆ: ತಿಳಿದವರು ಮುಂದೆ ಬಾಗುತ್ತಾರೆ, ತಿಳಿಯದವರು ಗಾಯನ ಯಾವಾಗ ಆರಂಭವಾಗುತ್ತದೆಂದು ಕಾಯುತ್ತಾರೆ.

ಈ ಎರಡು ಪ್ರತಿಕ್ರಿಯೆಗಳ ಅಂತರವನ್ನು ರುಚಿಯ ಅಂತರವೆಂದು ಬಗೆಯುವುದು ಸುಲಭ. ಆದರೆ ಚರಿತ್ರೆಯನ್ನು ಗಮನಿಸಿದಾಗ ಬೇರೊಂದು ಸಂಗತಿ ಗೋಚರಿಸುತ್ತದೆ. ಸ್ವರದ ನೆರವಿಲ್ಲದೆ ನುಡಿಯುವ ವಾದ್ಯವನ್ನು ಕೇಳುವವನು ಯಾವ ಕಾಲದಲ್ಲಿಯೂ ಬರಿಗೈಯಲ್ಲಿ ಕುಳಿತಿಲ್ಲ. ಅವನಿಗೆ ಒಂದಲ್ಲ ಒಂದು ಆಸರೆ ಇದ್ದೇ ಇದೆ. ಸಂದರ್ಭ, ಎಣಿಕೆ, ಸ್ವರದ ಒಂದು ಎಳೆ, ಕಣ್ಣಿಗೆ ಕಟ್ಟುವ ಚಿತ್ರ ಇವುಗಳಲ್ಲಿ ಯಾವುದು ಅವನಿಗೆ ದೊರೆತಿದೆ ಎಂಬುದರ ಮೇಲೆ ಅವನ ಪ್ರತಿಕ್ರಿಯೆ ನಿಂತಿದೆ. ಇಪ್ಪತ್ತನೆಯ ಶತಮಾನದ ನವ್ಯ ತಾಳವಾದ್ಯ ರಚನೆಗಳು ಕೇಳುಗನನ್ನು ಕಂಗೆಡಿಸಿದುದಕ್ಕೆ ಅವುಗಳ ಸದ್ದಿಗಿಂತ ಈ ಆಸರೆಗಳನ್ನು ಕಳಚಿದ್ದೇ ಮುಖ್ಯ ಕಾರಣವಾಗಿದೆ.

ಕೇಳುಗನ ಪ್ರತಿಕ್ರಿಯೆಯನ್ನು ಶಾಸ್ತ್ರದ ವಿಷಯವಾಗಿ ಪರಿಗಣಿಸಿದ ಮೊದಲ ಗ್ರಂಥ ಭರತನ ನಾಟ್ಯಶಾಸ್ತ್ರ. ಅದರ ಸಿದ್ಧಿ ಪ್ರಕರಣದಲ್ಲಿ ಮಾನುಷೀ ಸಿದ್ಧಿಯನ್ನು ವಾಙ್ಮಯೀ, ಶಾರೀರೀ ಎಂದು ಎರಡಾಗಿ ವಿಂಗಡಿಸಲಾಗಿದೆ. ಮುಗುಳ್ನಗೆ, ನಗು, ಸಾಧು ಎಂಬ ಮೆಚ್ಚುಗೆ, ಅಹೋ ಎಂಬ ಅಚ್ಚರಿ, ಕಷ್ಟಂ ಎಂಬ ಉದ್ಗಾರ ಇವು ಮಾತಿಗೆ ಸೇರಿದವು. ರೋಮಾಂಚನ, ಆಸನದಿಂದ ಏಳುವುದು, ವಸ್ತ್ರ ಎಸೆಯುವುದು ಶರೀರಕ್ಕೆ ಸೇರಿದವು. ನೆರೆದವರ ಬಾಯಿ ಮತ್ತು ಮೈ ಎರಡನ್ನೂ ಪ್ರಯೋಗದ ಭಾಗವೆಂದು ಎಣಿಸಿದ ಈ ದೃಷ್ಟಿ ಮುಂದಿನ ಲಾಕ್ಷಣಿಕರಲ್ಲಿ ಅಷ್ಟಾಗಿ ಬೆಳೆಯಲಿಲ್ಲವೆಂಬುದು ವಿಷಾದದ ಸಂಗತಿ. ಅವನದ್ಧ ವಾದ್ಯಗಳ ಹುಟ್ಟನ್ನು ಹೇಳುವಲ್ಲಿಯೂ ಭರತ ಒಬ್ಬ ಕೇಳುಗನನ್ನೇ ಮುಂದಿಡುತ್ತಾನೆ. ನೀರು ತರಲು ಕೊಳಕ್ಕೆ ಹೋದ ಸ್ವಾತಿ ಮುನಿ ಮಳೆಯ ಹನಿಗಳು ಕಮಲದ ಎಲೆಗಳ ಮೇಲೆ ಬಿದ್ದು ಹೊರಡಿಸಿದ ಬೇರೆ ಬೇರೆ ನಾದಗಳನ್ನು ಆಲಿಸಿ, ಆಶ್ರಮಕ್ಕೆ ಮರಳಿ ಪುಷ್ಕರ ವಾದ್ಯಗಳನ್ನು ಕಲ್ಪಿಸಿದನೆಂಬುದು ಆ ಕಥೆ. ದೊಡ್ಡ ಎಲೆ, ನಡುವಣ ಎಲೆ, ಸಣ್ಣ ಎಲೆ ಎಂಬ ಭೇದವನ್ನು ಆತ ಗುರುತಿಸಿದ. ತಾಳವಿಲ್ಲದ, ಉದ್ದೇಶವಿಲ್ಲದ ಸದ್ದನ್ನು ಸದ್ದಾಗಿಯೇ ಕೇಳಿದ ಆ ಮುನಿಯನ್ನು ನೆನೆದರೆ, ನವ್ಯರ ಬೇಡಿಕೆ ಅಷ್ಟೇನೂ ಹೊಸದಲ್ಲವೆನಿಸುತ್ತದೆ.

ಕನ್ನಡ ನಾಡಿನ ಅರಸು ಮನೆತನಗಳ ಆಶ್ರಯದಲ್ಲಿ ಹುಟ್ಟಿದ ಲಕ್ಷಣಗ್ರಂಥಗಳಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸವು ವಾದ್ಯವನ್ನು ವಿನೋದಗಳ ಸಾಲಿನಲ್ಲಿ ನಿಲ್ಲಿಸುತ್ತದೆ. ಹನ್ನೆರಡನೆಯ ಶತಮಾನದ ಈ ಗ್ರಂಥದಲ್ಲಿ ಕೇಳುಗನೆಂದರೆ ಅರಸನೇ. ಮುಂದಿನ ಶತಮಾನದಲ್ಲಿ ದೇವಗಿರಿಯ ಸೇವುಣರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಸಂಗೀತರತ್ನಾಕರದ ಆರನೆಯ ಅಧ್ಯಾಯವನ್ನು ವಾದ್ಯಗಳಿಗೆ ಮೀಸಲಿಟ್ಟು, ಪಟಹ, ಮರ್ದಲ, ಹುಡುಕ್ಕಗಳ ಪಾಟಾಕ್ಷರಗಳನ್ನು ವಿಸ್ತಾರವಾಗಿ ನಿರೂಪಿಸಿದ್ದಾನೆ. ಬೆರಳಿನ ಹೊಡೆತಕ್ಕೆ ಬಾಯಿಯ ಅಕ್ಷರವೊಂದು ಜೊತೆಯಾಗಿರುವ ಈ ಪದ್ಧತಿಯ ಮಹತ್ತ್ವವನ್ನು ಮುಂದೆ ನೋಡಬಹುದು. ಇಷ್ಟಾದರೂ ಊರ ಬೀದಿಯಲ್ಲಿ ಬಡಿತವನ್ನು ಕೇಳುತ್ತಿದ್ದವರ ಬಗೆಗೆ ಈ ಗ್ರಂಥಗಳ ಆಸಕ್ತಿ ಕಡಿಮೆ.

ಆ ಕೇಳುಗನನ್ನು ಕಾಣಬೇಕಾದರೆ ಹಲಗೆಗೇ ಮರಳಬೇಕು. ಹಲಗೆಯ ಬಡಿತಗಳು ಸಂದರ್ಭಕ್ಕೆ ಕಟ್ಟುಬಿದ್ದವು. ಜಾತ್ರೆಗೊಂದು, ಮದುವೆಯ ಮೆರವಣಿಗೆಗೊಂದು, ಸಾವಿಗೊಂದು, ಡಂಗುರಕ್ಕೊಂದು ಬಡಿತವಿದೆ. ಮನೆಯೊಳಗೆ ರೊಟ್ಟಿ ಬಡಿಯುತ್ತಿರುವ ಹೆಂಗಸು ಓಣಿಯ ತುದಿಯಿಂದ ಬರುವ ನಾಲ್ಕು ಪೆಟ್ಟುಗಳನ್ನು ಕೇಳಿ, ಊರಲ್ಲಿ ಹೆಣ ಎದ್ದಿದೆಯೋ ದೇವರು ಹೊರಟಿದೆಯೋ ಎಂದು ಹೇಳಬಲ್ಲಳು. ಸಂಗೀತ ಶಾಸ್ತ್ರದ ಅಳತೆಯಲ್ಲಿ ಇದು ಅತ್ಯಂತ ಸೂಕ್ಷ್ಮವಾದ ಶ್ರವಣ. ಆದರೆ ಇದನ್ನು ಯಾರೂ ಶ್ರವಣವೆಂದು ಕರೆಯಲಿಲ್ಲ. ಇಲ್ಲಿ ಪ್ರತಿಕ್ರಿಯೆ ಚಪ್ಪಾಳೆಯಲ್ಲಿಲ್ಲ. ಕುಣಿಯುವ ಕಾಲಿನಲ್ಲಿದೆ, ಹೊರಗೆ ಬಂದು ನಿಲ್ಲುವುದರಲ್ಲಿದೆ, ಸಾವಿನ ಬಡಿತವಾದರೆ ಒಲೆಯ ಮುಂದಿನ ಮೌನದಲ್ಲಿದೆ.

ಈ ಶ್ರವಣದ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ಹಲಗೆ ಬಾರಿಸುವುದು ಬಹುಕಾಲ ಮಾದಿಗ ಸಮುದಾಯದ ಮೇಲೆ ಹೇರಲ್ಪಟ್ಟ ಸೇವೆಯಾಗಿತ್ತು. ಊರಿಗೆಲ್ಲ ಬಡಿತ ಬೇಕು, ಬಾರಿಸುವವನು ಮಾತ್ರ ದೂರ ನಿಲ್ಲಬೇಕು ಎಂಬುದೇ ರೂಢಿಯಾಗಿತ್ತು. ಕೇಳುವವರು ವಾದನಕ್ಕೆ ಮೈಯನ್ನು ಒಪ್ಪಿಸುತ್ತಿದ್ದರು, ವಾದಕನಿಗೆ ಮನ್ನಣೆಯನ್ನು ಒಪ್ಪಿಸುತ್ತಿರಲಿಲ್ಲ. 1970ರ ದಶಕದಲ್ಲಿ ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿಯ ಚಳವಳಿ ಬಲಗೊಂಡಾಗ ಇದಕ್ಕೆ ಎರಡು ಬಗೆಯ ಉತ್ತರಗಳು ಮೂಡಿದವು. ಇನ್ನು ಮೇಲೆ ಬಿಟ್ಟಿಯಾಗಿ ಹಲಗೆ ಮುಟ್ಟುವುದಿಲ್ಲ ಎಂಬ ನಿರಾಕರಣೆ ಒಂದು; ತಮಟೆಯನ್ನೇ ಹೋರಾಟದ ದನಿಯಾಗಿಸಿ ಜಾಥಾಗಳ ಮುಂದೆ ಬಾರಿಸಿದ್ದು ಇನ್ನೊಂದು. ಎರಡೂ ಕೇಳುಗರನ್ನು ಉದ್ದೇಶಿಸಿದ ಉತ್ತರಗಳೇ. ಮೊದಲನೆಯದು ಊರಿಗೆ ಬಡಿತವಿಲ್ಲದ ಮೌನವನ್ನು ಕೇಳಿಸಿತು. ಎರಡನೆಯದು ಅದೇ ಪೆಟ್ಟಿಗೆ ಬೇರೆ ಸಂದರ್ಭವನ್ನು ತೊಡಿಸಿ ಬೇರೆ ಅರ್ಥ ಬರಿಸಿತು.

ಕರಾವಳಿಯಲ್ಲಿ ಸಂದರ್ಭದ ಆಸರೆ ಮತ್ತೊಂದು ರೂಪದಲ್ಲಿದೆ. ಯಕ್ಷಗಾನದ ಆಟಕ್ಕೆ ಮುನ್ನ ಚೆಂಡೆ ಮದ್ದಳೆಗಳನ್ನು ಬಾರಿಸಿ ಊರಿಗೆ ಸುದ್ದಿ ಮುಟ್ಟಿಸುವುದನ್ನು ಕೇಳಿ ಎಂದೇ ಕರೆಯುತ್ತಾರೆ. ಕಾಸರಗೋಡಿನ ಕನ್ನಡಿಗರಿಗೆ ನೆರೆಯ ಮಲಯಾಳ ದೇವಾಲಯಗಳ ತಾಯಂಬಕವೂ ಪರಿಚಿತವೇ. ಒಬ್ಬ ಮುಖ್ಯ ಚೆಂಡೆವಾದಕ ಗಂಟೆಗೂ ಮಿಕ್ಕಿ ನುಡಿಸುವ ಅದರಲ್ಲಿ ಸುತ್ತಲಿನ ಚೆಂಡೆಗಳೂ ಇಲತ್ತಾಳವೂ ತಾಳವನ್ನು ಎತ್ತಿಹಿಡಿದಿರುತ್ತವೆ. ನೆರೆದವರು ಕೈಯೆತ್ತಿ ಗಾಳಿಯಲ್ಲಿ ತಾಳ ಹಾಕುತ್ತ ನಿಲ್ಲುತ್ತಾರೆ. ಸಂದರ್ಭದ ಆಸರೆ ಇಲ್ಲಿ ಎಣಿಕೆಯ ಆಸರೆಗೆ ದಾರಿ ಮಾಡಿಕೊಟ್ಟಿರುವುದನ್ನು ಕಾಣಬಹುದು.

ಎಣಿಕೆಯ ಆಸರೆ ಪೂರ್ಣವಾಗಿ ಬೆಳೆದಿರುವುದು ಕರ್ನಾಟಕ ಸಂಗೀತದ ತನಿ ಆವರ್ತನದಲ್ಲಿ. ಕಚೇರಿಯ ಪ್ರಧಾನ ಕೃತಿಯ ಬಳಿಕ ಗಾಯಕರು ಸುಮ್ಮನಾಗಿ, ಮೃದಂಗ ಹಾಗೂ ಉಪ ಪಕ್ಕವಾದ್ಯಗಳಿಗೆ ವೇದಿಕೆ ಬಿಟ್ಟುಕೊಡುತ್ತಾರೆ. ಆಗ ಸ್ವರ ನಿಂತುಹೋಗುತ್ತದೆ, ಶ್ರುತಿ ಮಾತ್ರ ಉಳಿಯುತ್ತದೆ. ಗಾಯಕರ ಕೈ ತೊಡೆಯ ಮೇಲೆ ತಾಳ ಹಾಕುತ್ತಿರುತ್ತದೆ. ಸಭೆಯಲ್ಲಿಯೂ ಹಲವು ಕೈಗಳು ಅದನ್ನೇ ಮಾಡುತ್ತಿರುತ್ತವೆ. ಕೇಳುಗನು ತಾನೇ ಎಣಿಸಿದರೆ ಮಾತ್ರ ಈ ವಾದನದ ಹುರುಳು ತಿಳಿಯುತ್ತದೆ. ಒಂದು ಸರಳ ಉದಾಹರಣೆಯನ್ನು ನೋಡಬಹುದು. ಆದಿತಾಳದ ಒಂದು ಆವರ್ತದಲ್ಲಿ ಅಕ್ಷರಕ್ಕೆ 4ರಂತೆ 32 ಮಾತ್ರೆಗಳು. 5 ಮಾತ್ರೆಯ ತದಿಗಿಣತೊಂ ಎಂಬ ಜತಿಯನ್ನು ಮೂರು ಬಾರಿ ನುಡಿಸಿ, ನಡುವೆ 2 ಮಾತ್ರೆಗಳ ಎರಡು ಬಿಡುವುಗಳನ್ನಿಟ್ಟರೆ ಒಟ್ಟು 19 ಮಾತ್ರೆಗಳಾಗುತ್ತವೆ. ಆವರ್ತದ 13 ಮಾತ್ರೆಗಳು ಕಳೆದ ಮೇಲೆ ಇದನ್ನು ಎತ್ತಿಕೊಂಡರೆ ಸರಿಯಾಗಿ ಮುಂದಿನ ಸಮಕ್ಕೆ ಬಂದು ಸೇರುತ್ತದೆ. ತಾಳ ಹಾಕುತ್ತಿರುವವನ ಮಟ್ಟಿಗೆ ಈ 19 ಮಾತ್ರೆಗಳು ಒಂದು ಸಣ್ಣ ಆತಂಕದ ಕಥೆ: ಜತಿ ತಾಳದ ಹೆಜ್ಜೆಗೆ ಹೊಂದದೆ ಓರೆಯಾಗಿ ನಡೆಯುತ್ತದೆ, ತಪ್ಪಿತೇನೋ ಎನಿಸುತ್ತದೆ, ಕೊನೆಯ ಪೆಟ್ಟು ಕೈಯ ಪೆಟ್ಟಿನೊಡನೆ ಕೂಡುತ್ತದೆ. ತಾಳ ಹಾಕದವನಿಗೆ ಅದೇ 19 ಮಾತ್ರೆಗಳು ಕೇವಲ ವೇಗದ ಸದ್ದು. ಮೋಹರಾ, ಕೋರ್ವೆಗಳ ದೊಡ್ಡ ಲೆಕ್ಕಗಳೂ, ತಿಶ್ರ, ಖಂಡ, ಮಿಶ್ರ, ಸಂಕೀರ್ಣ ನಡೆಗಳ ಬದಲಾವಣೆಗಳೂ ಈ ಒಂದು ತತ್ತ್ವದ ವಿಸ್ತರಣೆಗಳೇ.

ಹೀಗಿರುವುದರಿಂದಲೇ ತನಿಯ ಬಗೆಗಿನ ಹಳೆಯ ದೂರನ್ನು ಮರುಪರಿಶೀಲಿಸಬೇಕಾಗಿದೆ. ತನಿ ಆರಂಭವಾದೊಡನೆ ಒಂದಷ್ಟು ಮಂದಿ ಎದ್ದು ಕಾಫಿಗೆ ಹೋಗುತ್ತಾರೆಂಬುದು ಬೆಂಗಳೂರು, ಮೈಸೂರುಗಳ ಸಭೆಗಳಲ್ಲಿ ಮೃದಂಗ ವಿದ್ವಾಂಸರು ಬಹುಕಾಲದಿಂದ ಆಡಿಕೊಂಡು ಬಂದ ಮಾತು. ಇದನ್ನು ಕೇಳುಗರ ಅಸಡ್ಡೆಯೆಂದು ಹೇಳಿ ಮುಗಿಸುವುದು ಅಷ್ಟು ಸರಿಯಲ್ಲ. ಅರಮನೆಯ ಕೆಲವೇ ರಸಿಕರ ಮುಂದೆ ನಡೆಯುತ್ತಿದ್ದ ವಾದನವು ಇಪ್ಪತ್ತನೆಯ ಶತಮಾನದಲ್ಲಿ ಸಾರ್ವಜನಿಕ ಚಪ್ಪರಗಳಿಗೆ ಬಂದಿತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ 1939ರಲ್ಲಿ ಆರಂಭವಾದ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಉತ್ಸವದಂಥ ಕಡೆ, ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ, ಕೃತಿಗಳನ್ನು ಕೇಳಿ ಬೆಳೆದವರೂ ಕೇವಲ ಭಕ್ತಿಯಿಂದ ಬಂದವರೂ ಒಟ್ಟಿಗೆ ಕುಳಿತರು. ಸಾಹಿತ್ಯ ತಿಳಿದವನಿಗೆ ಕೃತಿ ತಾನಾಗಿಯೇ ತೆರೆದುಕೊಳ್ಳುತ್ತದೆ, ತನಿ ಹಾಗಲ್ಲ. ಗ್ರಾಮಫೋನಿನ 78 ಸುತ್ತಿನ ತಟ್ಟೆಯ ಒಂದು ಮುಖಕ್ಕೆ ಮೂರು ಮೂರೂವರೆ ನಿಮಿಷಗಳಷ್ಟೇ ಅವಕಾಶವಿದ್ದುದರಿಂದ ಹಾಡಿನ ತಟ್ಟೆಗಳಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ರೇಡಿಯೋದಲ್ಲಿ ತಾಳವಾದ್ಯ ಕಚೇರಿಗಳು ಪ್ರಸಾರವಾದವಾದರೂ ಅಲ್ಲಿ ತಾಳದ ಕೈ ಕಾಣುತ್ತಿರಲಿಲ್ಲ. ಕಣ್ಣಿನಿಂದ ಕಲಿಯಬೇಕಾದ ಎಣಿಕೆಯನ್ನು ಕಿವಿಯೊಂದೇ ಕಲಿಸಲಾರದಾಯಿತು. ಇತ್ತ ಪಾಲ್ಘಾಟ್ ಮಣಿ ಅಯ್ಯರ್ (1912–1981) ಅವರಂಥ ಹಿರಿಯರು ಧ್ವನಿವರ್ಧಕವನ್ನೇ ವಿರೋಧಿಸಿದ್ದರ ಹಿಂದೆಯೂ ಶ್ರವಣದ ಪ್ರಶ್ನೆಯೇ ಇತ್ತು. ಮೃದಂಗದ ಎಡದ ತೊಪ್ಪಿಯ ಗುಮುಕಿಯಲ್ಲಿ ಎಷ್ಟೋ ಸೂಕ್ಷ್ಮಗಳಿವೆ; ಯಂತ್ರ ಎಲ್ಲವನ್ನೂ ಒಂದೇ ಗಾತ್ರಕ್ಕೆ ಹಿಗ್ಗಿಸಿದರೆ ಕೇಳುಗನಿಗೆ ಉಳಿಯುವುದು ಲೆಕ್ಕ ಮಾತ್ರ, ನಾದವಲ್ಲ.

ಉತ್ತರ ಕರ್ನಾಟಕದ ಸ್ಥಿತಿ ಇದಕ್ಕಿಂತ ಭಿನ್ನ. ರಾಯಚೂರು 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಎರಡೂ ಕಡೆ ಹಿಂದುಸ್ತಾನಿ ಪದ್ಧತಿಯೇ ಬೇರೂರಿತು. ಆ ಪದ್ಧತಿಯ ತಬಲಾ ಏಕವಾದನದಲ್ಲಿ ಹಾರ್ಮೋನಿಯಂ ಅಥವಾ ಸಾರಂಗಿಯ ಮೇಲೆ ಲಹರಾ ಎಂಬ ಚಿಕ್ಕ ಸ್ವರಮಾಲೆಯೊಂದು ಮೊದಲಿನಿಂದ ಕೊನೆಯವರೆಗೆ ಸುತ್ತುತ್ತಲೇ ಇರುತ್ತದೆ. ತೀನ್‌ತಾಲವಾದರೆ 16 ಮಾತ್ರೆಗಳಿಗೊಮ್ಮೆ ಅದೇ ಸ್ವರಕ್ಕೆ ಬಂದು ನಿಲ್ಲುತ್ತದೆ. ಕರ್ನಾಟಕ ಸಂಗೀತದ ಕೇಳುಗ ತನ್ನ ಕೈಯಿಂದ ಮಾಡಬೇಕಾದ ಕೆಲಸವನ್ನು ಇಲ್ಲಿ ಲಹರಾ ಮಾಡಿಕೊಡುತ್ತದೆ. ಎಣಿಸಲು ಬಾರದವನೂ ಆ ಸ್ವರ ಮರಳಿ ಬರುವುದನ್ನು ಗುರುತಿಸಬಲ್ಲ. ವಾದಕ ಎಲ್ಲೆಲ್ಲಿಯೋ ಅಲೆದು ಅದೇ ಸ್ವರದ ಮೇಲೆ ಬಂದಿಳಿದಾಗ ವಾಹ್ ಎನ್ನಬಲ್ಲ. ಪೇಶಕಾರ, ಕಾಯದಾ, ರೇಲಾಗಳನ್ನು ದಾಟಿ ಗತ್, ಚಕ್ರದಾರಗಳಿಗೆ ಬಂದಾಗ ವಾದಕನು ಬೋಲುಗಳನ್ನು ಮೊದಲು ಬಾಯಲ್ಲಿ ಹೇಳಿ ಬಳಿಕ ಕೈಯಲ್ಲಿ ನುಡಿಸುವ ಪರಿಪಾಠವೂ ಉಂಟು. ಕೇಳುಗನಿಗೆ ಏನು ಬರಲಿದೆಯೆಂದು ಮುಂಚಿತವಾಗಿ ತಿಳಿಸುವ ಈ ಸೌಜನ್ಯ ತನಿಯಲ್ಲಿ ಅಪರೂಪ. ಉತ್ತರದ ಸಭೆಗಳಲ್ಲಿ ತಬಲಾ ಏಕವಾದನವು ಸ್ವತಂತ್ರ ಕಾರ್ಯಕ್ರಮವಾಗಿ ನಿಂತಿದ್ದಕ್ಕೂ, ದಕ್ಷಿಣದಲ್ಲಿ ಮೃದಂಗದ ಏಕವಾದನ ಬಹುಮಟ್ಟಿಗೆ ಕಚೇರಿಯ ಒಂದು ಅಂಗವಾಗಿಯೇ ಉಳಿದುದಕ್ಕೂ ಬೇರೆ ಕಾರಣಗಳಿರಬಹುದು. ಆದರೆ ಲಹರಾದ ಪಾತ್ರವನ್ನು ಕಡೆಗಣಿಸುವಂತಿಲ್ಲ.

ಇದಕ್ಕೆ ರಂಗಭೂಮಿಯ ಕೊಡುಗೆಯೂ ಸೇರಿಕೊಂಡಿತು. ತಬಲಾದ ಮಹಾನ್ ಏಕವಾದಕ ಉಸ್ತಾದ್ ಅಹಮದ್‌ಜಾನ್ ತಿರಕವಾ (ನಿಧನ 1976) ಹಲವು ವರ್ಷ ಬಾಲಗಂಧರ್ವರ ಮರಾಠಿ ನಾಟಕ ಮಂಡಳಿಯಲ್ಲಿ ನುಡಿಸಿದವರು. ನಾಟ್ಯಗೀತದ ನಡುವೆ ಅವರ ಕೈ ಕೇಳಿದ ಪ್ರೇಕ್ಷಕರು ಸಂಗೀತ ಸಭೆಯ ಮೆಟ್ಟಿಲು ಹತ್ತದವರೂ ಆಗಿದ್ದರು. ಮರಾಠಿ ನಾಟಕದ ಪ್ರಭಾವದಿಂದ ಬೆಳೆದ ಉತ್ತರ ಕರ್ನಾಟಕದ ಕಂಪನಿ ನಾಟಕಗಳಲ್ಲಿಯೂ ಹಾರ್ಮೋನಿಯಂ, ತಬಲಾಗಳು ಮುಂದಿನ ಸಾಲಿಗೆ ಬಂದವು. ಒನ್ಸ್ ಮೋರ್ ಎಂಬ ಕೂಗು ಪ್ರೇಕ್ಷಕನ ಹಕ್ಕಾಯಿತು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು (1892–1944), ಅವರ ಬಳಿಕ ಪುಟ್ಟರಾಜ ಗವಾಯಿಗಳು (1914–2010) ಅಂಧ ಬಾಲಕರಿಗೆ ಗಾಯನದೊಡನೆ ತಬಲಾವನ್ನೂ ಕಲಿಸಿದರು. ಆಶ್ರಮದಿಂದ ಹೊರಬಂದವರು ಜಾತ್ರೆ, ಪುರಾಣ, ಕೀರ್ತನಗಳ ಮೂಲಕ ಹಳ್ಳಿಗಳಿಗೆ ತಬಲಾವನ್ನು ಒಯ್ದರು. ಪುರಾಣದ ನಡುವೆ ತಬಲಾದವರು ಎರಡು ನಿಮಿಷ ತಮ್ಮ ಕೈಚಳಕ ತೋರಿಸುವುದನ್ನು ಕಾದು ಕೇಳುವ ಹಳ್ಳಿಯ ಜನ ಇಂದಿಗೂ ಇದ್ದಾರೆ. ಅವರಿಗೆ ಕಾಯದಾ ಎಂಬ ಹೆಸರು ತಿಳಿಯದಿದ್ದರೂ ಸಮ ತಪ್ಪಿದರೆ ತಿಳಿಯುತ್ತದೆ.

ಸಮದ ನಿರೀಕ್ಷೆ ಕಲಿತದ್ದಷ್ಟೇ ಅಲ್ಲ, ಸ್ವಲ್ಪಮಟ್ಟಿಗೆ ಹುಟ್ಟಿನಿಂದಲೂ ಬಂದದ್ದು ಎಂಬುದಕ್ಕೆ ಈಚಿನ ವೈಜ್ಞಾನಿಕ ಆಧಾರವೂ ಇದೆ. ಇಸ್ತ್ವಾನ್ ವಿಂಕ್ಲರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟಿ ಎರಡು ಮೂರು ದಿನಗಳಾದ ಶಿಶುಗಳಿಗೆ ನಿದ್ದೆಯಲ್ಲಿ ಡ್ರಮ್ಮಿನ ಲಯವೊಂದನ್ನು ಕೇಳಿಸಿ, ಅದರ ಮೊದಲ ಪೆಟ್ಟನ್ನು ಆಗಾಗ ಬಿಟ್ಟುಬಿಡಲಾಯಿತು. ಆ ಪೆಟ್ಟು ತಪ್ಪಿದಾಗಲೆಲ್ಲ ಶಿಶುಗಳ ಮೆದುಳಿನ ವಿದ್ಯುತ್ ಸಂಕೇತಗಳಲ್ಲಿ ವ್ಯತ್ಯಾಸ ಕಂಡುಬಂದಿತು. ಮುಂದಿನ ಪೆಟ್ಟನ್ನು ಕಾಯುವುದು ಮನುಷ್ಯನ ಕಿವಿಯ ಸ್ವಭಾವವಾಗಿದ್ದರೆ, ಆ ಪೆಟ್ಟನ್ನು ಬೇಕೆಂದೇ ಕೊಡದಿರುವ ಸಂಗೀತವನ್ನು ಅದು ಹೇಗೆ ಸ್ವೀಕರಿಸೀತು? ಪಾಶ್ಚಾತ್ಯ ನವ್ಯ ಸಂಗೀತಗಾರರು ಎತ್ತಿದ ಪ್ರಶ್ನೆ ಇದೇ ಆಗಿತ್ತು.

ಯುರೋಪಿನ ಶಾಸ್ತ್ರೀಯ ಸಂಗೀತದಲ್ಲಿ ತಾಳವಾದ್ಯಗಳಿಗೆ ಬಹುಕಾಲ ವಾದ್ಯವೃಂದದ ಹಿಂದಿನ ಸಾಲೇ ಸ್ಥಾನವಾಗಿತ್ತು. ಎಡ್ಗರ್ ವರೇಸ್ 1931ರಲ್ಲಿ ಪೂರ್ಣಗೊಳಿಸಿದ ಅಯೊನೈಸೇಷನ್ 13 ಮಂದಿ ತಾಳವಾದ್ಯಗಾರರಿಗಾಗಿಯೇ ರಚಿತವಾದುದು. 1933ರಲ್ಲಿ ನ್ಯೂಯಾರ್ಕಿನಲ್ಲಿ ಅದರ ಮೊದಲ ಪ್ರಯೋಗ ನಡೆಯಿತು. ಅಲ್ಲಿಂದ ಏಕವಾದನದವರೆಗೆ ಬರಲು ಮತ್ತೆ ಕಾಲು ಶತಮಾನ ಹಿಡಿಯಿತು. ಈ ನಡುವೆ ಭಾರತದ ಎಳೆಯೊಂದು ಸೇರಿದೆ. ಅಹಮದಾಬಾದಿನ ಗೀತಾ ಸಾರಾಭಾಯ್ 1946ರಲ್ಲಿ ನ್ಯೂಯಾರ್ಕಿಗೆ ಹೋಗಿ ಜಾನ್ ಕೇಜ್ ಅವರಿಂದ ಪಾಶ್ಚಾತ್ಯ ಸಂಗೀತವನ್ನು ಕಲಿತು, ಪ್ರತಿಯಾಗಿ ಭಾರತೀಯ ಸಂಗೀತವನ್ನು ತಿಳಿಸಿದರು. ಪಖಾವಜ್ ನುಡಿಸಿದ ಆಧುನಿಕ ಕಾಲದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ಅದೇ ವರ್ಷಗಳಲ್ಲಿ ಕೇಜ್ ರಚಿಸಿದ ಸೊನಾಟಾಗಳು ಮತ್ತು ಇಂಟರ್‌ಲೂಡ್‌ಗಳು (1946–48) ರಸಸಿದ್ಧಾಂತದಿಂದ ಪ್ರೇರಣೆ ಪಡೆದವು. ತಂತಿಗಳ ನಡುವೆ ತಿರುಪು, ರಬ್ಬರುಗಳನ್ನು ಸಿಕ್ಕಿಸಿ ಪಿಯಾನೊವನ್ನೇ ತಾಳವಾದ್ಯವಾಗಿಸಿದ ಕೃತಿಗಳವು.

ಕಾರ್ಲ್‌ಹೈನ್ಸ್ ಸ್ಟಾಕ್‌ಹೌಸೆನ್ 1959ರಲ್ಲಿ ಒಬ್ಬನೇ ವಾದಕನಿಗಾಗಿ ರಚಿಸಿದ ತ್ಸೂಕ್ಲುಸ್ ಈ ಚರ್ಚೆಗೆ ವಿಶೇಷವಾಗಿ ಒದಗುತ್ತದೆ. ಆ ಜರ್ಮನ್ ಪದದ ಅರ್ಥ ಚಕ್ರ. ನಮ್ಮ ಪರಿಭಾಷೆಯಲ್ಲಿ ಆವರ್ತ. ವಾದಕನ ಸುತ್ತ ವೃತ್ತಾಕಾರವಾಗಿ ವಾದ್ಯಗಳಿರುತ್ತವೆ. ಆತ ಬರಹದ ಯಾವ ಪುಟದಿಂದ ಬೇಕಾದರೂ ಆರಂಭಿಸಿ, ಒಂದು ಸುತ್ತು ಮುಗಿಸಿ, ತೊಡಗಿದಲ್ಲಿಗೇ ಬಂದು ನಿಲ್ಲಬಹುದು. ಪುಟಗಳನ್ನು ತಲೆಕೆಳಗಾಗಿ ಹಿಡಿದೂ ಓದಬಹುದು. ಹೆಸರು ಒಂದೇ ಆದರೂ ಕೇಳುಗನ ಪಾಲಿಗೆ ಇದು ನಮ್ಮ ಆವರ್ತಕ್ಕೆ ತದ್ವಿರುದ್ಧ. ಆದಿತಾಳದ ಆವರ್ತದಲ್ಲಿ ಸಮ ಎಲ್ಲಿದೆಯೆಂದು ಸಭೆಯಲ್ಲಿ ತಾಳ ಬಲ್ಲ ಎಲ್ಲರಿಗೂ ಗೊತ್ತು. ಇಲ್ಲಿ ಚಕ್ರ ಎಲ್ಲಿ ಆರಂಭವಾಯಿತೆಂಬುದು ವಾದಕನಿಗೆ ಮಾತ್ರ ಗೊತ್ತು. ಕೇಳುಗನಿಗೆ ಸುತ್ತು ಮುಗಿದುದು ವಾದನ ನಿಂತ ಮೇಲಷ್ಟೇ ತಿಳಿಯುತ್ತದೆ. ಮಾರ್ಟನ್ ಫೆಲ್ಡ್‌ಮನ್ ಅವರ ದಿ ಕಿಂಗ್ ಆಫ್ ಡೆನ್ಮಾರ್ಕ್ (1964) ಕೋಲುಗಳನ್ನೇ ಕೈಬಿಟ್ಟು, ಬೆರಳು, ಅಂಗೈ, ತೋಳುಗಳಿಂದ ಕೇಳಿಯೂ ಕೇಳದಷ್ಟು ಮೆಲ್ಲಗೆ ನುಡಿಸಬೇಕಾದ ಕೃತಿ. ಡ್ರಮ್ಮೆಂದರೆ ಅಬ್ಬರವೆಂಬ ನಿರೀಕ್ಷೆಯನ್ನೇ ಅದು ಕಳಚುತ್ತದೆ. ಇಯಾನಿಸ್ ಕ್ಸೆನಾಕಿಸ್ ಅವರ ಪ್ಸಾಫಾ (1975) ಮಾತ್ರ ಬೇರೆ ಬಗೆಯದು. ಅದರಲ್ಲಿ ಯಾವ ವಾದ್ಯವೆಂಬುದನ್ನು ವಾದಕನೇ ಆರಿಸಿಕೊಳ್ಳಬೇಕು, ಆದರೆ ಕಾಲದ ಸಮಾನ ಅಂತರದ ಚೌಕಳಿಯೊಂದು ಉಳಿದುಕೊಂಡಿದೆ. ಮೂರರಲ್ಲಿ ಸಾಮಾನ್ಯ ಕೇಳುಗನ ಮೈಯನ್ನು ಬೇಗನೆ ಹಿಡಿಯುವ ಕೃತಿ ಇದೇ ಎಂದರೆ ತಪ್ಪಾಗಲಾರದು. ಪೆಟ್ಟಿನ ಸಮ ಅಂತರ ಉಳಿದಲ್ಲಿ ಕೇಳುಗ ಉಳಿಯುತ್ತಾನೆ.

ಇದೇ ಅವಧಿಯಲ್ಲಿ ಕರ್ನಾಟಕದಲ್ಲಿ ನಡೆದ ಪ್ರಯೋಗಗಳನ್ನು ಇದರೊಡನೆ ಇಟ್ಟು ನೋಡಬೇಕು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ 1964ರಲ್ಲಿ ಬೆಂಗಳೂರಿನಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯ ವಿದ್ಯಾಲಯವನ್ನು ಸ್ಥಾಪಿಸಿದರು. ಮೊದಲಿಗೆ ಪಾಠಶಾಲೆಯಾಗಿದ್ದ ಅದು ಕ್ರಮೇಣ ಪ್ರಯೋಗಶಾಲೆಯೂ ಆಯಿತು. ಗಾಯಕಿ ಆರ್.ಎ. ರಮಾಮಣಿ ಅವರೊಡನೆ ಅವರ ತಂಡ ಯುರೋಪಿನ ಜಾಝ್ ಸಭೆಗಳಲ್ಲಿ ನುಡಿಸಿತು. ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ ಮಾಡಿದ ಜ್ಯೋತಿ ಎಂಬ ಧ್ವನಿಮುದ್ರಿಕೆಯನ್ನು 1983ರಲ್ಲಿ ಜರ್ಮನಿಯ ಇಸಿಎಂ ಸಂಸ್ಥೆ ಹೊರತಂದಿತು. ಇಲ್ಲಿ ಎದುರಾದ ಕೇಳುಗ ಆದಿತಾಳವನ್ನು ಅರಿಯದವನು. ಆದರೆ ಜಾಝ್ ಸಂಗೀತದಲ್ಲಿ ಡ್ರಮ್ಮಿನ ಏಕವಾದನಕ್ಕೆ ಚಪ್ಪಾಳೆ ತಟ್ಟುವ ಅಭ್ಯಾಸವಿದ್ದವನು. ಅವನ ಮುಂದೆ ತಂಡ ಬರಿಯ ಮೃದಂಗವನ್ನಿಡದೆ ಕೊನ್ನಕ್ಕೋಲನ್ನು ಮುಂದಿಟ್ಟಿತು. ಶಾರ್ಙ್ಗದೇವನ ಕಾಲದ ಪಾಟಾಕ್ಷರಗಳ ಕುಲಕ್ಕೆ ಸೇರಿದ ಈ ಸೊಲ್ಲುಗಳು ಹೊಡೆತವನ್ನು ಮಾತಾಗಿ ಕೇಳಿಸುತ್ತವೆ. ಭಾಷೆ ತಿಳಿಯದಿದ್ದರೂ ಬಾಯಿಯ ಮಾತೆಂದರೆ ಕಿವಿ ನಿಲ್ಲುತ್ತದೆ. ಕೇಳುಗನಿಂದ ಎಣಿಕೆಯನ್ನು ಬೇಡುವ ಬದಲು ಅವನಿಗೆ ದನಿಯೊಂದನ್ನು ಆಸರೆಯಾಗಿ ಕೊಟ್ಟ ಈ ಆಯ್ಕೆ, ಯುರೋಪಿನ ನವ್ಯರು ಅದೇ ದಶಕಗಳಲ್ಲಿ ಮಾಡಿದ ಆಯ್ಕೆಗೆ ಪೂರ್ತಿ ವಿರುದ್ಧವಾದುದು. ನಾಡಿನೊಳಗೆ ಹಳೆಯ ಕಚೇರಿಗಳಲ್ಲಿ ಹಿನ್ನೆಲೆಗೆ ಸರಿದಿದ್ದ ಕೊನ್ನಕ್ಕೋಲು ಮರಳಿ ವೇದಿಕೆಗೆ ಬರಲು ಈ ಹೊರನಾಡಿನ ಕಿವಿಗಳೂ ಒಂದು ಕಾರಣವಾದವು.

ಬೆಂಗಳೂರಿನಲ್ಲಿ 1980ರ ದಶಕದ ಆರಂಭದಲ್ಲಿ ಕೆ. ವೆಂಕಟರಾಮ್ ಅವರು ಕಟ್ಟಿದ ಪರ್ಕಸಿವ್ ಆರ್ಟ್ಸ್ ಸೆಂಟರ್ ಈ ದಿಸೆಯಲ್ಲಿ ಮತ್ತೊಂದು ದಾರಿ ಹಿಡಿಯಿತು. ತಾಳವಾದ್ಯಕ್ಕೇ ಮೀಸಲಾದ ಉತ್ಸವಗಳನ್ನು ನಡೆಸಿ, ತನಿಯನ್ನು ಕೇಳಲೆಂದೇ ಬರುವ ಸಭಿಕರನ್ನು ರೂಪಿಸುವ ಕೆಲಸ ಅದು. ಕೇಳುಗನನ್ನು ಸಿದ್ಧಪಡಿಸದೆ ವಾದಕನನ್ನು ಮಾತ್ರ ಸಿದ್ಧಪಡಿಸಿದರೆ ಸಾಲದೆಂಬ ಅರಿವು ಅಲ್ಲಿತ್ತು.

ಘಟ ವಿದುಷಿ ಸುಕನ್ಯಾ ರಾಮಗೋಪಾಲ್ ಅವರ ಪ್ರಯೋಗ ಇನ್ನೂ ಕುತೂಹಲಕರವಾದುದು. ವಿಕ್ಕು ವಿನಾಯಕರಾಮ್ ಅವರ ಶಿಷ್ಯೆಯಾದ ಅವರು ಬೆಂಗಳೂರಿನಲ್ಲಿ ನೆಲೆಸಿ, ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಜೋಡಿಸಿ ನುಡಿಸುವ ಘಟತರಂಗವನ್ನು ರೂಪಿಸಿದರು. 1995ರಲ್ಲಿ ಮಹಿಳೆಯರೇ ಇರುವ ಸ್ತ್ರೀ ತಾಳ ತರಂಗ್ ತಂಡವನ್ನು ಕಟ್ಟಿದರು. 2014ರ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಅವರಿಗೆ ಸಂದಿತು. ಹೆಣ್ಣೊಬ್ಬಳು ಘಟ ನುಡಿಸುವುದನ್ನು ಒಪ್ಪಲು ಸಭೆಗಿಂತ ವೇದಿಕೆಯೇ ಹೆಚ್ಚು ಕಾಲ ತೆಗೆದುಕೊಂಡಿತೆಂಬುದನ್ನು ಅವರ ವೃತ್ತಿಜೀವನ ತೋರಿಸುತ್ತದೆ. ಘಟತರಂಗದಲ್ಲಿ ತಾಳವಾದ್ಯವೇ ಸ್ವರವನ್ನೂ ನುಡಿಯುವುದರಿಂದ, ಉತ್ತರದವರಿಗೆ ಲಹರಾ ನೀಡಿದ ಆಸರೆಯನ್ನು ವಾದಕಿ ತನ್ನ ಕೈಯಿಂದಲೇ ನೀಡಿದಂತಾಯಿತು. ಶುದ್ಧ ಲಯದ ಪಕ್ಷಪಾತಿಗಳು ಇದನ್ನು ರಿಯಾಯಿತಿಯೆಂದು ಬಗೆದರೆ ಆಶ್ಚರ್ಯವಿಲ್ಲ. ಅಂಥದೇ ಗೊಣಗಾಟ ಉಸ್ತಾದ್ ಜಾಕಿರ್ ಹುಸೇನ್ (1951–2024) ತಬಲಾದ ಮೇಲೆ ಜಿಂಕೆಯ ನಡಿಗೆ, ರೈಲಿನ ಓಟ, ಶಿವನ ಡಮರು, ಶಂಖಗಳನ್ನು ಕೇಳಿಸಿದಾಗಲೂ ಇತ್ತು. ಸಾವಿರಾರು ಜನರ ಸಭಾಂಗಣದಲ್ಲಿ ಎಣಿಕೆಯಿಲ್ಲದ ಕೇಳುಗನಿಗೆ ಚಿತ್ರವೊಂದೇ ಆಸರೆಯೆಂಬುದನ್ನು ಅವರು ಬಲ್ಲವರಾಗಿದ್ದರು. ನಕ್ಕು ಚಪ್ಪಾಳೆ ತಟ್ಟಿದವರಲ್ಲಿ ಕೆಲವರಾದರೂ ಮುಂದಿನ ಕಾಯದಾಕ್ಕೆ ಕಿವಿ ತೆರೆದಿದ್ದರು.

ಮೃದಂಗ ವಿದ್ವಾಂಸ ಬಿ.ಸಿ. ಮಂಜುನಾಥ್ ಅವರ ಕೊನ್ನಕ್ಕೋಲು ಪ್ರಯೋಗಗಳಲ್ಲಿ ಎಣಿಕೆಯೇ ಮುನ್ನೆಲೆಗೆ ಬಂದಿದೆ. ಹಿಂದಿನ ಎರಡರ ಮೊತ್ತವೇ ಮುಂದಿನದಾಗುವ 1, 1, 2, 3, 5, 8, 13 ಎಂಬ ಫಿಬೊನಾಚಿ ಸರಣಿಯಂತೆ ಜತಿಗಳನ್ನು ಬೆಳೆಸುವ ಅವರ ವಾದನ ಈಚಿನ ವರ್ಷಗಳಲ್ಲಿ ದೇಶವಿದೇಶಗಳ ಗಣಿತಾಸಕ್ತರ ಗಮನವನ್ನೂ ಸೆಳೆಯಿತು. ಸಭೆಯ ಹೊರಗಿನವರು ಲೆಕ್ಕದ ಬಾಗಿಲಿನಿಂದ ತನಿಯೊಳಗೆ ಬಂದ ವಿಶೇಷ ಸಂದರ್ಭವಿದು. ಲಘು ಗುರುಗಳಿಂದ ಇಷ್ಟು ಮಾತ್ರೆಗಳ ಪಾದವನ್ನು ಎಷ್ಟು ಬಗೆಯಲ್ಲಿ ಕಟ್ಟಬಹುದೆಂದು ಎಣಿಸಿದ ವಿರಹಾಂಕ, ಹೇಮಚಂದ್ರರ ಛಂದಶ್ಶಾಸ್ತ್ರದಲ್ಲಿ ಈ ಸಂಖ್ಯೆಗಳು ಇಟಲಿಯ ಫಿಬೊನಾಚಿಗಿಂತ ಮೊದಲೇ ಕಾಣಿಸಿಕೊಂಡಿದ್ದವು. ಮಾತ್ರಾಛಂದಸ್ಸಿನಲ್ಲಿ ಪಳಗಿದ ಕನ್ನಡದ ಕಿವಿಗೆ ಈ ಪ್ರಯೋಗ ಮೇಲ್ನೋಟಕ್ಕೆ ತೋರುವಷ್ಟು ದೂರದ್ದಲ್ಲ.

ಇಷ್ಟೆಲ್ಲ ಪ್ರಯೋಗಗಳು ನಗರದ ವೇದಿಕೆಗಳಲ್ಲಿ ನಡೆಯುತ್ತಿರುವಾಗ ಹಲಗೆ, ತಮಟೆಗಳೂ ಅದೇ ವೇದಿಕೆಗೆ ಬಂದಿವೆ. ಚಿಕ್ಕಬಳ್ಳಾಪುರ ಜಿಲ್ಲೆಯ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ದೊರೆತಾಗ, ಬಡಿತವನ್ನಷ್ಟೇ ಕೇಳಿ ಬಡಿದವನನ್ನು ಕಾಣದಿದ್ದ ಶತಮಾನಗಳ ರೂಢಿಗೆ ರಾಷ್ಟ್ರದ ಮಟ್ಟದಲ್ಲಿ ಒಂದು ಉತ್ತರ ಸಿಕ್ಕಿತು. ಶಿಷ್ಟ ಪರಂಪರೆಯೂ ಈ ಪ್ರಶ್ನೆಯಿಂದ ಹೊರತಲ್ಲ. ಮೃದಂಗಕ್ಕೆ ಚರ್ಮ ಹದಮಾಡಿ ಕಟ್ಟುವ ಕುಶಲಕರ್ಮಿಗಳ ಬದುಕನ್ನು ಕುರಿತು ಟಿ.ಎಂ. ಕೃಷ್ಣ 2020ರಲ್ಲಿ ಪ್ರಕಟಿಸಿದ ಗ್ರಂಥ, ತನಿಯ ನಾದವನ್ನು ಸವಿಯುವವರ ಕಿವಿಗೆ ಈವರೆಗೆ ಬೀಳದಿದ್ದ ಹೆಸರುಗಳನ್ನು ದಾಖಲಿಸಿತು.

ವೇದಿಕೆ ಮನ್ನಣೆಯೊಡನೆ ಹೊಸ ತೊಡಕನ್ನೂ ತಂದಿದೆ. ಸಾಲು ಕುರ್ಚಿಗಳಲ್ಲಿ ಕುಳಿತ ಸಭಿಕನ ಮುಂದೆ ಹಲಗೆಗೆ ಅಲಾಯಿ ಕುಣಿಯಿಲ್ಲ, ಮೆರವಣಿಗೆಯಿಲ್ಲ, ಸಾವಿಲ್ಲ. ಹತ್ತು ನಿಮಿಷಗಳ ಅವಕಾಶದಲ್ಲಿ ಬಡಿತಗಳು ಒಂದರ ಹಿಂದೊಂದು ಬಂದು ಹೋಗುತ್ತವೆ. ಮದುವೆಯದಾವುದು, ಹೆಣದ ಮುಂದಿನದಾವುದು ಎಂದು ಗುರುತಿಸಲಾರದ ಸಭೆ ವೇಗ ಹೆಚ್ಚಿದಾಗಲೆಲ್ಲ ಚಪ್ಪಾಳೆ ತಟ್ಟುತ್ತದೆ. ಆಸರೆ ಕಳಚಿದ ಈ ಕೇಳುಗನ ಸ್ಥಿತಿ ತ್ಸೂಕ್ಲುಸ್‌ನ ಮುಂದೆ ಕುಳಿತವನ ಸ್ಥಿತಿಗಿಂತ ಬಹಳ ಬೇರೆಯಲ್ಲ. ಈ ಚಪ್ಪಾಳೆಗೆ ಹೊಂದಿಕೊಂಡು ನಿಧಾನದ ಬಡಿತಗಳನ್ನು ಕೈಬಿಟ್ಟು ವೇಗದವನ್ನೇ ಉಳಿಸಿಕೊಳ್ಳುವ ತಂಡಗಳೂ ಇವೆ. ಬಡಿತಗಳ ಹೆಸರು, ಸಂದರ್ಭ, ಕ್ರಮಗಳನ್ನು ಹಿರಿಯ ವಾದಕರಿಂದ ಕೇಳಿ ಊರೂರಿನ ಮಟ್ಟದಲ್ಲಿ ದಾಖಲಿಸುವ ಕಾರ್ಯ ಇನ್ನೂ ವ್ಯಾಪಕವಾಗಿ ನಡೆಯಬೇಕಾಗಿದೆ. ಆ ದಾಖಲೆಯಲ್ಲಿ ವಾದಕನ ಮಾತಿನ ಜೊತೆಗೆ, ಓಣಿಯ ತುದಿಯ ನಾಲ್ಕು ಪೆಟ್ಟುಗಳನ್ನು ಒಳಗಿನಿಂದಲೇ ಗುರುತಿಸುವ ಮಲ್ಲಟ ಸೀಮೆಯ ಹೆಂಗಸಿನ ಮಾತಿಗೂ ಸ್ಥಳವಿರಬೇಕು.